ಕೊಟ್ಟ ಮಾತು ನಿಮ್ಮ ಕಾಲಕ್ಕೆ ಬರುತ್ತದೆ, ಮಕ್ಕಳೇ

ತಳಿ, ಜವಳಗಿರಿ, ಡೆಂಕಣಿಕೋಟೆ, ಕೆಲಮಂಗಲದ ಮಕ್ಕಳೇ, 2021ರ ನವೆಂಬರಿನಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ನಮ್ಮ ದೇಶ ಜಗತ್ತಿನ ಮುಂದೆ ಒಂದು ಮಾತು ಕೊಟ್ಟಿತು. 2070ರ ಹೊತ್ತಿಗೆ ನಾವು ಗಾಳಿಗೆ ಬಿಡುವ ಇಂಗಾಲ, ಮರ ಮಣ್ಣು ಹೀರಿಕೊಳ್ಳುವ ಇಂಗಾಲಕ್ಕಿಂತ ಹೆಚ್ಚಿರಬಾರದು. ಮಾತು ಕೊಟ್ಟವರಾಗಲಿ, ಅದನ್ನು ಪೇಪರಿನಲ್ಲಿ ಓದಿದ ನನ್ನ ಓರಗೆಯವರಾಗಲಿ ಆ ವರ್ಷ ನೋಡಲು ಇರುವುದಿಲ್ಲ. ಅಂದು ಹದಿನೆಂಟು ತುಂಬಿದ್ದವರಿಗೆ ಆಗ ಅರವತ್ತೇಳು. ಮಾತು ಕೊಟ್ಟವರು ನಾವು, ನಡೆಸಿಕೊಡಬೇಕಾದವರು ನೀವು. ಅದಕ್ಕೇ ನನಗೆ ಚಿಂತೆ.

ನಮ್ಮ ಚಿಕ್ಕಂದಿನಲ್ಲಿ ಈ ಸೀಮೆಯ ಹೊಲವೆಂದರೆ ರಾಗಿ ಹೊಲ. ಬರೀ ರಾಗಿಯಲ್ಲ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಜೋಳ. ಅವರೆಯ ಬೇರು ಮಣ್ಣಿಗೆ ಸಾರಜನಕ ಕಟ್ಟಿಕೊಡುತ್ತಿತ್ತು. ತಿಪ್ಪೆಯ ಗೊಬ್ಬರ ಮುಂಗಾರಿಗೆ ಮೊದಲು ಗಾಡಿಯಲ್ಲಿ ಹೊಲ ಸೇರುತ್ತಿತ್ತು. ಮಳೆ ಬಿಟ್ಟರೆ ಬೇರೆ ನೀರಿರಲಿಲ್ಲ. ಹಗೇವಿಗೆ ಇಳಿಸಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಾಗಂತ ಅದು ಸುಖದ ಕಾಲವೇನೂ ಅಲ್ಲ. ಹಸಿ ಸೌದೆಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡ ತಾಯಂದಿರನ್ನು, ಮಳೆ ಕೈಕೊಟ್ಟ ವರ್ಷ ಗಂಜಿಗೂ ಪರದಾಡಿದ ಮನೆಗಳನ್ನು ಕಂಡಿದ್ದೇನೆ. ಆ ಕಾಲಕ್ಕೆ ಹಿಂದಿರುಗಿ ಎಂದು ನಿಮಗೆ ಹೇಳಲಾರೆ. ಅಲ್ಲಿದ್ದ ಒಳ್ಳೆಯದನ್ನು ಕೈಬಿಡಬೇಡಿ ಎನ್ನುತ್ತೇನೆ, ಅಷ್ಟೆ.

ಈಗ ನೋಡಿ. ಕೊಳವೆಬಾವಿ ಸಾವಿರ ಅಡಿ ದಾಟಿದೆ. ಗುಲಾಬಿ, ಟೊಮೆಟೊ, ಕೋಸು ಬೆಳೆದು ನಾಲ್ಕು ಕಾಸು ಕಂಡಿದ್ದೇವೆ, ಅದು ತಪ್ಪಲ್ಲ. ಆದರೆ ಹೊಲದ ಕರೆಂಟು ಉಚಿತವೆಂದು ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿ ಮಲಗಿಬಿಡುತ್ತೇವೆ. ಬೆಳಗಾಗುವಷ್ಟರಲ್ಲಿ ಪಾತಿ ತುಂಬಿ ನೀರು ದಾರಿಗೆ ಹರಿದಿರುತ್ತದೆ. ಆ ಕರೆಂಟಿನ ಹಿಂದೆ ಮೆಟ್ಟೂರಿನಂಥ ಕಡೆ ಕಲ್ಲಿದ್ದಲು ಉರಿದಿರುತ್ತದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಬಿಲ್ಲು ಬಾರದಿದ್ದರೂ ಹೊಗೆ ಬರುತ್ತದೆ. ಸಣ್ಣ ರೈತರಿಗೆ ಹನಿ ನೀರಾವರಿಗೆ ನಮ್ಮ ತಮಿಳುನಾಡಿನಲ್ಲಿ ಪೂರ್ತಿ ಸಬ್ಸಿಡಿ ಇದೆ. ನಿಮ್ಮಪ್ಪ ಅರ್ಜಿ ಹಾಕದಿದ್ದರೆ ನೀವು ಹಾಕಿಸಿ.

ಇನ್ನೊಂದು ಹಳೆಯ ಸಂಗತಿ ಕೇಳಿ. 1981-82ರಲ್ಲಿ ಕೇಂದ್ರ ಸರ್ಕಾರ ಗೋಬರ್ ಗ್ಯಾಸಿಗೆ ರಾಷ್ಟ್ರೀಯ ಯೋಜನೆ ತಂದಿತು. ನಾಲ್ಕೈದು ದನ ಇದ್ದ ಮನೆಗೆ ದಿನಕ್ಕೆ ಎರಡು ಘನ ಮೀಟರ್ ಗ್ಯಾಸು ಕೊಡುವ ತೊಟ್ಟಿ ಸಾಕು. ದಿನಾ ಐವತ್ತು ಕೆಜಿ ಸಗಣಿಗೆ ಅಷ್ಟೇ ನೀರು ಬೆರೆಸಿ, ಗಂಟಿಲ್ಲದಂತೆ ಕಲಸಿ ಸುರಿದರೆ ಒಲೆ ಉರಿಯುತ್ತದೆ. ಹೊರಬರುವ ಬಗ್ಗಡ ಹೊಲಕ್ಕೆ ಗೊಬ್ಬರ. ಎಷ್ಟೋ ಮನೆಗಳಲ್ಲಿ ಸಬ್ಸಿಡಿ ಸಿಗುತ್ತದೆಂದು ಕಟ್ಟಿಸಿದರು. ದಿನಾ ಸಗಣಿ ಕಲಸುವವರು ಯಾರು ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ತೊಟ್ಟಿ ಒಣಗಿತು, ಬಿರುಕು ಬಿಟ್ಟಿತು, ಕೊನೆಗೆ ಅದರಲ್ಲಿ ಕಸ ತುಂಬಿತು. ಯೋಜನೆಯಲ್ಲಿ ಕೊರತೆ ಇರಲಿಲ್ಲ, ರೂಢಿ ಬೆಳೆಯಲಿಲ್ಲ.

ಇಂದು ಅದೇ ಪರೀಕ್ಷೆ ನಿಮ್ಮ ಮನೆಯ ತಾರಸಿಗೆ ಬಂದಿದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಕೇಂದ್ರದಿಂದ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಹಾಕಿಸಿ. ಆದರೆ ಟಿಪ್ಪರ್ ಓಡಾಡುವ ನಮ್ಮ ರಸ್ತೆಗಳ ಧೂಳು ಪ್ಯಾನೆಲ್ ಮೇಲೆ ಕೂತರೆ ಕರೆಂಟು ಇಳಿಯುತ್ತದೆ, ಒರೆಸುವ ಕೆಲಸ ಯಾರದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. 2025ರಲ್ಲಿ ದೇಶದ ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧ ಪಾಲು ಕಲ್ಲಿದ್ದಲು, ಅನಿಲಗಳ ಹಂಗಿಲ್ಲದ್ದಾಯಿತು, 2030ರ ಗುರಿಗೆ ಐದು ವರ್ಷ ಮೊದಲೇ. ಹೆಮ್ಮೆಪಡಿ. ಆದರೂ ಸೂರ್ಯ ಮುಳುಗಿದ ಮೇಲೆ ನಾವು ಉರಿಸುವ ಕರೆಂಟಿನಲ್ಲಿ ಹೆಚ್ಚು ಪಾಲು ಇಂದಿಗೂ ಕಲ್ಲಿದ್ದಲಿನದೇ. ಮೋಟರು, ಗ್ರೈಂಡರು, ವಾಷಿಂಗ್ ಮೆಷಿನ್ನುಗಳ ಕೆಲಸವನ್ನು ಬಿಸಿಲಿರುವಾಗಲೇ ಮುಗಿಸಿಕೊಳ್ಳಿ.

ನಿಮ್ಮಲ್ಲಿ ಕೆಲವರು ಕೇಳುತ್ತೀರಿ: ಅಮೆರಿಕದವರು ಸುಟ್ಟಿದ್ದಕ್ಕೆ ನಾವೇಕೆ ತೆರಬೇಕು? ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ತಲೆಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್, ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ನಮ್ಮ ಸರ್ಕಾರ ಆ ವಾದ ಮಾಡಲೇಬೇಕು. ಆದರೆ ಆ ಜಗಳ ತೀರುವವರೆಗೆ ಮಳೆ ಕಾಯುವುದಿಲ್ಲ. ಕಾಲ ತಪ್ಪಿದರೆ ಒಣಗುವುದು ನಮ್ಮದೇ ಪೈರು.

ಕೆಲಸದ ವಿಷಯಕ್ಕೆ ಬರೋಣ. ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಹೊಸೂರಿನಲ್ಲಿ ಲೇತು, ಗೇರು, ಎಂಜಿನ್ ಬಿಡಿಭಾಗಗಳ ಶೆಡ್ಡುಗಳು ಸಾಲುಗಟ್ಟಿದವು. ರಾಗಿ ಹೊಲದಿಂದ ಹೋದ ಹುಡುಗರು ಅಲ್ಲಿ ಕೈಕಸುಬು ಕಲಿತು ಮನೆ ಕಟ್ಟಿದರು. ಈಗ ಹೊಸೂರಿನಲ್ಲಿ ಟಿವಿಎಸ್, ಏಥರ್, ಪೋಚಂಪಳ್ಳಿಯಲ್ಲಿ ಓಲಾ ಎಲೆಕ್ಟ್ರಿಕ್ ಗಾಡಿ ತಯಾರಿಸುತ್ತಿವೆ. ಆ ಗಾಡಿಗೆ ಪಿಸ್ಟನ್ನೂ ಬೇಡ, ಕಾರ್ಬುರೇಟರೂ ಬೇಡ. ಶೆಡ್ಡಿನ ಯಜಮಾನ ಹೇಳುವವರೆಗೆ ಕಾಯಬೇಡಿ. ಬ್ಯಾಟರಿ, ಮೋಟರ್ ವೈಂಡಿಂಗ್, ಸೋಲಾರ್ ವೈರಿಂಗ್, ಯಾವುದಾದರೊಂದನ್ನು ಈಗಲೇ ಕಲಿಯಿರಿ. ತಂಗಿಯರನ್ನೂ ಐಟಿಐಗೆ ಸೇರಿಸಿ.

ಕಾಡಿನ ಮಾತೂ ಇದರಲ್ಲಿ ಸೇರಿದೆ. 2030ರೊಳಗೆ ಇನ್ನೂ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಮರಗಳಲ್ಲಿ ಹಿಡಿದಿಡುತ್ತೇವೆಂದೂ ದೇಶ ಹೇಳಿದೆ. ನಮ್ಮ ಸೀಮೆಯ ಕಾಡು 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮವಾಯಿತು. ಬನ್ನೇರುಘಟ್ಟದ ಕಡೆಯಿಂದ ರಾಗಿ ಕಾಲಕ್ಕೆ ಬರುವ ಆನೆಗಳಿಂದ ನಮ್ಮವರು ಪಟ್ಟ ಪಾಡು ನನಗೆ ಗೊತ್ತು. ಆದರೂ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಇಡುವವರನ್ನು ತಡೆಯಿರಿ. ಬದುವಿನ ಹುಣಸೆ, ಹೊಂಗೆ ಕಡಿಯಬೇಡಿ. ಬೆಂಗಳೂರಿನವರು ಸೈಟಿಗೆ ಕೇಳಿದರೆಂದು ಹೊಲ ಮಾರುವ ಮುನ್ನ ಮನೆಯವರೆಲ್ಲ ಕೂತು ಯೋಚಿಸಿ.

ಎಲ್ಲವನ್ನೂ ಒಮ್ಮೆಲೇ ಮಾಡಲಾಗದು. ಮೊದಲು ಎರಡು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ಲು ಓದಿ, ಎಲ್ಲಿ ಪೋಲಾಗುತ್ತಿದೆ ನೋಡಿ. ಆಗಸ್ಟ್ 15, ಅಕ್ಟೋಬರ್ 2ರ ಗ್ರಾಮಸಭೆಗೆ ನಾಲ್ಕು ಜನ ಸೇರಿ ಹೋಗಿ. ಕೆರೆ ಹೂಳು ಯಾವಾಗ ತೆಗೆಸುತ್ತೀರಿ, ಶಾಲೆಯ ಮೇಲೆ ಸೋಲಾರ್ ಯಾವಾಗ ಹಾಕಿಸುತ್ತೀರಿ ಎಂದು ಎದ್ದು ನಿಂತು ಕೇಳಿ. ಒಂದು ಸಲ ಉತ್ತರ ಸಿಗದಿದ್ದರೆ ಮುಂದಿನ ಸಭೆಯಲ್ಲಿ ಮತ್ತೆ ಕೇಳಿ. ಕೇಳುವುದನ್ನು ಮಾತ್ರ ಬಿಡಬೇಡಿ.