ಹಳೇ ಟ್ರ್ಯಾಕ್ಟರಿನ ಗೇರ್ ತಕರಾರು: ಬಿಚ್ಚಿಸುವ ಮೊದಲು ನೀವೇ ಮಾಡಬಹುದಾದ ಐದು ಪರೀಕ್ಷೆ



ಮಿರಗದ ಮಳೆ ಹತ್ತಿರ ಬಂತು. ಔರಾದ್, ಭಾಲ್ಕಿ ಕಡೆ ಹೆಸರು, ಉದ್ದು, ಸೋಯಾ, ತೊಗರಿ ಬಿತ್ತನೆಗೆ ಹೊಲ ತಯಾರಾಗುತ್ತಿವೆ. ನಮ್ಮ ಕರಿ ಭೂಮಿಯಲ್ಲಿ ಹದ ಸಿಗೋದು ಕೆಲವೇ ದಿನ. ಹಳೇ ಟ್ರ್ಯಾಕ್ಟರಿನ ಗೇರ್ ಕೈಕೊಡೋದೂ ಇದೇ ಹೊತ್ತಿನಲ್ಲಿ, ಯಾಕಂದ್ರೆ ಬೇಸಿಗೆಯೆಲ್ಲಾ ನಿಂತ ಗಾಡಿಗೆ ಒಮ್ಮೆಲೇ ಭಾರದ ಕೆಲಸ ಬೀಳುತ್ತದೆ. ಆಗ ಗ್ಯಾರೇಜಿನಲ್ಲಿ "ಗೇರ್ ಬಾಕ್ಸ್ ಬಿಚ್ಚಬೇಕು" ಅಂದರೆ ಹಣ ಒಂದು ಕಡೆ ಹೋಯಿತು, ಹದ ಇನ್ನೊಂದು ಕಡೆ ಹೋಯಿತು.

ನಾನು ಓದಿದ್ದು ತೋಟಗಾರಿಕೆ. ಈಗ ಸಾವಯವದಲ್ಲಿ ಶುಂಠಿ, ತರಕಾರಿ ಬೆಳೀತೀನಿ. ಗಿಡದ ಎಲೆ ಹಳದಿಯಾದ ಕೂಡಲೇ ನಾವು ಔಷಧ ಹೊಡೆಯುವುದಿಲ್ಲ. ಹಳೇ ಎಲೆಯೋ ಹೊಸ ಎಲೆಯೋ, ಬೇರು ಹೇಗಿದೆ, ನೀರು ನಿಂತಿದೆಯಾ ಅಂತ ಒಂದೊಂದೇ ನೋಡುತ್ತೇವೆ. ಗೇರ್ ತಕರಾರಿಗೂ ಅದೇ ಕ್ರಮ ಸಾಕು. ಎಂಜಿನ್ ಶಕ್ತಿ ಮೊದಲು ಕ್ಲಚ್‌ಗೆ, ಅಲ್ಲಿಂದ ಗೇರ್ ಬಾಕ್ಸ್‌ಗೆ, ಆಮೇಲೆ ಡಿಫರೆನ್ಷಿಯಲ್ ಮೂಲಕ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆ ಬಂದಿದೆ ಅನ್ನೋದನ್ನು ಹುಡುಕಬೇಕು.

ಮೊದಲು ಸುರಕ್ಷತೆ: ಸಮತಟ್ಟಾದ ಜಾಗ, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು. ಪಿಟಿಒ ಬಂದ್ ಇರಲಿ. ಗಾಡಿಯ ಮುಂದೆ, ಹಿಂದೆ ಯಾರೂ ನಿಲ್ಲಬಾರದು.

1. ಎಂಜಿನ್ ಬಂದ್ ಮಾಡಿ ಗೇರ್ ಹಾಕಿ ನೋಡ್ರಿ

ಎಂಜಿನ್ ಬಂದ್ ಇದ್ದಾಗ ಎಲ್ಲಾ ಗೇರ್ ಒಂದೊಂದಾಗಿ ಹಾಕಿ. ಯಾವುದಾದರೂ ಗೇರ್ ಕೂರದಿದ್ದರೆ ಹಲ್ಲಿಗೆ ಹಲ್ಲು ಎದುರಾಗಿರಬಹುದು. ನ್ಯೂಟ್ರಲ್‌ಗೆ ತಂದು, ಕಲ್ಲು, ಬ್ರೇಕ್ ತೆಗೆದು, ಗಾಡಿಯನ್ನು ಕೈಯಿಂದ ಸ್ವಲ್ಪ ಹಿಂದೆ ಮುಂದೆ ನೂಕಿ. ಮತ್ತೆ ಕಲ್ಲಿಟ್ಟು ಇನ್ನೊಮ್ಮೆ ಹಾಕಿ.

ಬಂದ್ ಇದ್ದಾಗ ಸಲೀಸಾಗಿ ಬಿದ್ದು, ಚಾಲೂ ಮಾಡಿದಾಗ ಮಾತ್ರ ಕರಕರ ಅಂದರೆ ಸಾಮಾನ್ಯವಾಗಿ ದೋಷ ಗೇರ್ ಬಾಕ್ಸ್‌ನಲ್ಲಿಲ್ಲ. ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಬಂದ್ ಇದ್ದಾಗಲೂ ಗಟ್ಟಿ ಇದ್ದರೆ ಲಿವರ್, ಒಳಗಿನ ಫೋರ್ಕ್ ಅಥವಾ ಗೇರ್ ಮೇಲೆ ಅನುಮಾನ ಪಡಬೇಕು.

ಒಂದು ಮಾತು ನೆನಪಿರಲಿ. ಹಳೇ ಸ್ಲೈಡಿಂಗ್ ಮೆಶ್ ಗೇರ್ ಬಾಕ್ಸ್ ಇರುವ ಟ್ರ್ಯಾಕ್ಟರಿನಲ್ಲಿ ಗಾಡಿ ನಿಲ್ಲಿಸಿಯೇ ಗೇರ್ ಬದಲಿಸಬೇಕು. ಕಾರಿನ ಹಾಗೆ ಓಡುತ್ತಲೇ ಹಾಕಿದರೆ ಸದ್ದು ಬರೋದು ಸಹಜ. ಹಾಗೇ ಮುಂದುವರಿಸಿದರೆ ಹಲ್ಲು ತೇಯುತ್ತದೆ.

2. ಕ್ಲಚ್ ಪೆಡಲ್‌ನ ಖಾಲಿ ಆಟ ಅಳೆಯಿರಿ

ಪೆಡಲ್ ಅನ್ನು ಕೈಯಿಂದ ಒತ್ತಿ. ಮೊದಲು ಹಗುರವಾಗಿ ಹೋಗುವಷ್ಟು ದೂರವೇ ಖಾಲಿ ಆಟ. ಅನೇಕ ಟ್ರ್ಯಾಕ್ಟರುಗಳಲ್ಲಿ ಇದು ಸುಮಾರು 20ರಿಂದ 25 ಮಿ.ಮೀ. ಇರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಳತೆಯೇ ಅಂತಿಮ.

ಆಟ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡಲ್ಲ, ಗೇರ್ ಕರಕರ ಅನ್ನುತ್ತದೆ. ಆಟವೇ ಇಲ್ಲದಿದ್ದರೆ ಕ್ಲಚ್ ಯಾವಾಗಲೂ ಅರ್ಧ ಒತ್ತಿದಂತೆ ಇದ್ದು ಜಾರುತ್ತದೆ, ಪ್ಲೇಟ್ ಸುಡುತ್ತದೆ, ರಿಲೀಸ್ ಬೇರಿಂಗ್ ಹಾಳಾಗುತ್ತದೆ.

ಹೋದ ವರ್ಷ ಔರಾದ್ ಹತ್ತಿರ ನಮ್ಮ ಕಾಕಾನ ಮಗನ ಗಾಡಿಗೆ ಇದೇ ಆಗಿತ್ತು. ರಿವರ್ಸ್ ಬೀಳುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಬಿಚ್ಚಬೇಕು ಅಂದಿದ್ದರು. ಎಂಜಿನ್ ಬಂದ್ ಮಾಡಿ ನೋಡಿದರೆ ಎಲ್ಲಾ ಗೇರ್ ಸಲೀಸು. ಪೆಡಲ್ ಆಟ ಅಳತೆಗಿಂತ ಎರಡು ಪಟ್ಟು ಇತ್ತು. ಪೆಡಲ್‌ನಿಂದ ಕ್ಲಚ್‌ಗೆ ಹೋಗುವ ಸರಳಿನ ಲಾಕ್ ನಟ್ ಸಡಿಲಿಸಿ ಅಳತೆಗೆ ತಂದೆವು. ಮರುದಿನ ಬಿತ್ತನೆ ನಡೆಯಿತು. ಖರ್ಚು ಏನೂ ಇಲ್ಲ.

3. ಜಾರುತ್ತಿರೋದು ಚಕ್ರವೋ, ಕ್ಲಚ್ಚೋ?

ಭಾರದ ಕೆಲಸದಲ್ಲಿ ಎಂಜಿನ್ ಸದ್ದು ಏರುತ್ತದೆ, ಗಾಡಿ ಮುಂದೆ ಹೋಗಲ್ಲ. ಆಗ ಹಿಂದಿನ ಚಕ್ರ ನೋಡಿ. ಚಕ್ರ ತಿರುಗುತ್ತಿದ್ದರೆ ಅದು ಹಸಿ ಮಣ್ಣಿನ ಜಾರಿಕೆ, ಗಾಡಿಯ ದೋಷವಲ್ಲ. ಚಕ್ರ ನಿಂತಿದ್ದು ಎಂಜಿನ್ ಮಾತ್ರ ಕೂಗುತ್ತಿದ್ದರೆ, ಜೊತೆಗೆ ಸುಟ್ಟ ವಾಸನೆ ಬಂದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಹೌಸಿಂಗ್ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಸೀಲ್ ಹೋಗಿ ಪ್ಲೇಟ್‌ಗೆ ಎಣ್ಣೆ ತಾಗಿರಬಹುದು.

ಪ್ಲೇಟ್ ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕು. ಕೂಲಿಯೇ ದೊಡ್ಡ ಖರ್ಚು. ಹಾಗಾಗಿ ಬಿಚ್ಚಿದಾಗಲೇ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಆಯಿಲ್ ಸೀಲ್ ಮೂರನ್ನೂ ನೋಡಿಸಿ. ಕೆಟ್ಟಿದ್ದರೆ ಆಗಲೇ ಬದಲಿಸಿ.

4. ಗೇರ್ ತಾನಾಗಿ ಹಾರುತ್ತಿದೆಯಾ?

ಇದು ಎಲ್ಲಕ್ಕಿಂತ ಅಪಾಯದ ಲಕ್ಷಣ. ಒಂದೇ ಗೇರ್ ಹಾರಿದರೆ ಆ ಗೇರಿನ ಹಲ್ಲು ಅಥವಾ ಫೋರ್ಕ್ ಸವೆದಿರಬಹುದು. ಬೇರೆ ಬೇರೆ ಗೇರ್ ಹಾರಿದರೆ ಗೇರನ್ನು ಜಾಗದಲ್ಲಿ ಹಿಡಿದಿಡುವ ಗುಂಡು, ಸ್ಪ್ರಿಂಗ್ ಮೇಲೆ ಅನುಮಾನ.

ಭಾಲ್ಕಿ ಕಡೆ ಕಬ್ಬಿನ ಟ್ರಾಲಿ ಓಡಿಸುವ ತಮ್ಮಂದಿರಿಗೆ ಇದನ್ನು ಒತ್ತಿ ಹೇಳ್ತೀನಿ. ಇಳಿಜಾರಿನಲ್ಲಿ ತುಂಬಿದ ಟ್ರಾಲಿ ಹಿಂದೆ ಇದ್ದಾಗ ಗೇರ್ ಹಾರಿದರೆ ಎಂಜಿನ್ ಹಿಡಿತ ತಪ್ಪಿತು. ಬ್ರೇಕ್ ಒಂದೇ ಅಷ್ಟು ಭಾರ ತಡೆಯುತ್ತದೆ ಅನ್ನುವ ಭರವಸೆ ಇಲ್ಲ. ಲಿವರ್ ಕೈಯಲ್ಲಿ ಹಿಡಿದುಕೊಂಡು, ಹಗ್ಗ ಕಟ್ಟಿಕೊಂಡು ಓಡಿಸೋದು ಪರಿಹಾರವಲ್ಲ. ಇದಕ್ಕೆ ಬಿಚ್ಚಲೇಬೇಕು. ಅಲ್ಲಿಯವರೆಗೆ ಟ್ರಾಲಿ ಕಟ್ಟಬೇಡ್ರಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯೋದೂ ಇಷ್ಟೇ ಅಪಾಯ.

5. ಎಣ್ಣೆ ನೋಡ್ರಿ

ಎಂಜಿನ್ ಬಂದ್ ಮಾಡಿ, ಎಣ್ಣೆ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಅಳತೆ ಕಡ್ಡಿ ತೆಗೆಯಿರಿ. ಒಂದು ಹನಿ ಬಿಳಿ ಕಾಗದದ ಮೇಲೆ ಬಿಡಿ.

ಹಾಲು ಹಾಕಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಮಳೆಯಲ್ಲಿ ನಿಂತ, ಜೋರು ನೀರಿನಲ್ಲಿ ತೊಳೆದ ಗಾಡಿಗಳಲ್ಲಿ ಇದು ಸಾಮಾನ್ಯ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಎಣ್ಣೆಯ ಆಯುಷ್ಯ ಮುಗಿದಿದೆ. ಎಣ್ಣೆ ಇಳಿಸುವಾಗ ಡ್ರೇನ್ ಪ್ಲಗ್ ನೋಡಿ: ನುಣ್ಣನೆ ಕಪ್ಪು ಪುಡಿ ಇದ್ದರೆ ಸಹಜ ಸವೆತ, ಕಬ್ಬಿಣದ ಚೂರು ಕಂಡರೆ ಒಳಗೆ ಏನೋ ಮುರಿದಿದೆ.

ಬಹಳ ಟ್ರ್ಯಾಕ್ಟರುಗಳಲ್ಲಿ ಗೇರ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಲಿಫ್ಟ್ ನಡುಗುತ್ತಾ ಏಳುತ್ತಿದ್ದು ಗೇರ್ ಸದ್ದೂ ಹೆಚ್ಚಿದ್ದರೆ ಮೊದಲು ಎಣ್ಣೆ ಮಟ್ಟ ನೋಡಿ. ಪುಸ್ತಕ ಹೇಳಿದ ಎಣ್ಣೆಯನ್ನೇ ಹಾಕಿ. ಇಳಿಸಿದ ಹಳೇ ಎಣ್ಣೆಯನ್ನು ಬದುವಿಗೆ, ಬಾವಿ ಹತ್ತಿರ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ, ಹಳೇ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಸಾವಯವ ಮಾಡುವವರಷ್ಟೇ ಅಲ್ಲ, ಎಲ್ಲರೂ.

ಆಟೋಮ್ಯಾಟಿಕ್ ಕಾರು ಇದ್ದವರಿಗೆ

ಬೀದರ್ ನಗರದಲ್ಲಿ ನನ್ನ ಗೆಳೆಯನೊಬ್ಬ ಹಳೇ ಆಟೋಮ್ಯಾಟಿಕ್ ಕಾರಿನಲ್ಲಿ ತರಕಾರಿ ಹಂಚುತ್ತಾನೆ. ಡಿ ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ತಡವಾಗಿ ಗಾಡಿ ಜಗ್ಗಿ ಹೊರಡುತ್ತಿತ್ತು. ಇಂಥ ಗಾಡಿಯಲ್ಲಿ ಗೇರ್ ಬದಲಿಸುವುದೇ ಎಣ್ಣೆಯ ಒತ್ತಡ. ಆದ್ದರಿಂದ ತಡ, ಜಗ್ಗು, ಜಾರಿಕೆ ಮೂರಕ್ಕೂ ಮೊದಲ ಪರೀಕ್ಷೆ ಎಣ್ಣೆಯ ಮಟ್ಟ ಮತ್ತು ಬಣ್ಣ. ಅವನ ಗಾಡಿಯಲ್ಲಿ ಕೂಲರ್ ಪೈಪ್ ಸೋರಿ ಎಣ್ಣೆ ಕಡಿಮೆಯಾಗಿತ್ತು. ಪೈಪ್ ಬದಲಿಸಿ ಎಣ್ಣೆ ತುಂಬಿದ ಮೇಲೆ ಸರಿಯಾಯಿತು. ಕೆಲವು ಕಾರುಗಳಲ್ಲಿ ಎಂಜಿನ್ ಚಾಲೂ ಇಟ್ಟು, ಕೆಲವದರಲ್ಲಿ ಬಂದ್ ಮಾಡಿ ಎಣ್ಣೆ ಅಳೆಯಬೇಕು, ಪುಸ್ತಕ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದ್ದರೆ ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಿ.

ಮಿಸ್ತ್ರಿ ಹತ್ತಿರ ಹೋಗುವ ಮೊದಲು

ಫೋನಿನಲ್ಲಿ ಸದ್ದಿನ 30 ಸೆಕೆಂಡ್ ವಿಡಿಯೋ, ಎಣ್ಣೆ ಹನಿಯ ಫೋಟೋ, ಅವರ್ ಮೀಟರ್ ಫೋಟೋ ತೆಗೆದಿಡಿ. ಯಾವ ಗೇರ್, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಖಾಲಿ ಇದ್ದಾಗಲೋ ಭಾರದಲ್ಲೋ ಅಂತ ನಾಲ್ಕು ಸಾಲು ಬರೆಯಿರಿ. ವಾಟ್ಸ್ಯಾಪ್‌ನಲ್ಲಿ ಇಬ್ಬರು ಮಿಸ್ತ್ರಿಗಳಿಗೆ ಕಳಿಸಿ ಕೇಳಿ. "ಅಣ್ಣಾ, ಬಂದ್ ಇದ್ದಾಗ ಗೇರ್ ಬೀಳ್ತದ, ಚಾಲೂ ಇದ್ದಾಗ ಬೀಳಲ್ಲ" ಅಂದರೆ ಒಳ್ಳೆ ಮಿಸ್ತ್ರಿಗೆ ಅರ್ಧ ಕೆಲಸ ಮುಗಿದಂತೆ. ಬದಲಿಸಿದ ಹಳೇ ಬಿಡಿಭಾಗ ವಾಪಸ್ ಕೇಳಿ ಪಡೆಯಿರಿ.

ಹಳೇ ಗಾಡಿ ಕೊಳ್ಳುವವರೂ ಈ ಐದು ಪರೀಕ್ಷೆ ಮಾಡಿಯೇ ಮುಂಗಡ ಕೊಡಿ. ಬಿಡಿಭಾಗ ಸಿಗುತ್ತದೆಯಾ ಅಂತಲೂ ಕೇಳಿ. ಉದಾಹರಣೆಗೆ ಎಚ್‌ಎಂಟಿ ಗಟ್ಟಿ ಗಾಡಿ, ಆದರೆ ಅದರ ಪಿಂಜೋರ್ ಟ್ರ್ಯಾಕ್ಟರ್ ಘಟಕ ಮುಚ್ಚಲು ಕೇಂದ್ರ ಸಂಪುಟ 2016ರಲ್ಲೇ ಒಪ್ಪಿಗೆ ಕೊಟ್ಟಿದೆ.

ಈ ವಾರವೇ ಅರ್ಧ ಗಂಟೆ ತೆಗೆದು ನೋಡ್ರಿ. ದೋಷ ದೊಡ್ಡದಿದ್ದರೆ ಮಳೆಗೆ ಮೊದಲೇ ಗೊತ್ತಾಗುತ್ತದೆ, ಬಾಡಿಗೆ ಗಾಡಿಗೆ ಹೇಳಿಡಲು ಸಮಯ ಸಿಗುತ್ತದೆ. ಹದ ಬಂದ ದಿನ ಎಲ್ಲರೂ ಒಟ್ಟಿಗೇ ಬಾಡಿಗೆ ಟ್ರ್ಯಾಕ್ಟರ್ ಹುಡುಕುತ್ತಿರುತ್ತಾರೆ.