ಹೊಗೆಕೊಳವೆಯ ಹಳೆಯ ಒಲೆ: ದುರಸ್ತಿ ಮತ್ತು ಮರುಜೋಡಣೆ

ಒಲೆ ಹೊಗೆಯಾಡಿದರೆ ‘ಸೌದೆ ಹಸಿ’ ಎಂದುಬಿಡುವುದು ನಮ್ಮ ಮನೆಗಳ ವಾಡಿಕೆ. ಒಣಸೌದೆ ಹಾಕಿದರೂ ಹೊಗೆ ನಿಲ್ಲದಿದ್ದರೆ ದೋಷವು ಒಲೆಯಲ್ಲಿದೆ ಎಂದು ತಿಳಿಯಬೇಕು. ಆಗ ಕೆಲವರು ಕೊಳವೆ ಕಿತ್ತು ಮೂಲೆಗೆ ಹಾಕಿ ಮೂರು ಕಲ್ಲಿನ ಒಲೆಗೆ ಮರಳುತ್ತಾರೆ. ಇದರಿಂದ ಸೌದೆ ದಂಡ. ಅಡಿಗೆ ಮಾಡುವ ತಾಯಂದಿರ ಕಣ್ಣಿಗೂ ಎದೆಗೂ ಕೇಡು. ಪಕ್ಕದಲ್ಲಿ ಆಡುವ ಕೂಸಿಗೂ ಅದೇ ಹೊಗೆ. ಅನಂತಪುರ ಜಿಲ್ಲೆಯ ರಾಯದುರ್ಗ, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರ, ಎರಡೂ ಮಳೆ ಕಡಮೆಯ ಸೀಮೆಗಳು. ಇಲ್ಲಿ ಜಾಲಿಯ ಕೊಂಬೆ, ತೊಗರಿಕಟ್ಟಿಗೆಗಳನ್ನೂ ಎಣಿಸಿ ಉರಿಸಬೇಕಾಗಿದೆ.

ಮಡಕಶಿರದ ನೆರೆಯ ತುಮಕೂರು ಜಿಲ್ಲೆಯಲ್ಲೇ ಒಲೆಯ ವಿಚಾರದಲ್ಲಿ ದೊಡ್ಡ ಕೆಲಸ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ‘ಅಸ್ತ್ರ’ ಕೇಂದ್ರ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗೆ ಮುಟ್ಟಿಸುವುದೇ ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಹಳ್ಳಿಯ ಶಾಖೆಯಿತ್ತು. ಮೂರು ಪಾತ್ರೆ ಕೂಡುವ ‘ಅಸ್ತ್ರ ಒಲೆ’ ಈ ಕೇಂದ್ರದ್ದು. ಕೇಂದ್ರ ಸರ್ಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ಅದು 2002ರಲ್ಲಿ ನಿಂತಿತು. ಕಟ್ಟಿಕೊಟ್ಟ ಒಲೆಗಳಲ್ಲಿ ಅನೇಕವು ದುರಸ್ತಿ ಮಾಡುವವರಿಲ್ಲದೆ ಹಾಳಾದವು. ಆದುದರಿಂದ ದುರಸ್ತಿಯನ್ನು ನಾವೇ ಕಲಿಯುವುದು ಲೇಸು.

ಗಾಳಿಯ ದಾರಿ

ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಕಾವಿನ ನೂರು ಪಾಲಿನಲ್ಲಿ ಸುಮಾರು 10-15 ಪಾಲು ಮಾತ್ರ ಪಾತ್ರೆಗೆ ತಾಗುತ್ತದೆ. ಉಳಿದುದು ಸುತ್ತಲೂ ಚದರಿ ಹೋಗುತ್ತದೆ. ಕೊಳವೆ ಒಲೆಯಲ್ಲಿ ಗಾಳಿಗೆ ಒಂದು ಗೊತ್ತಾದ ದಾರಿಯುಂಟು. ಗಾಳಿ ಬೂದಿಗುಂಡಿಯಿಂದ ಕಬ್ಬಿಣದ ಜಾಲರಿಯ ಮೂಲಕ ಮೇಲೇರಿ ಉರಿಗೆ ಸೇರುತ್ತದೆ. ಉರಿ ಮೊದಲ ಪಾತ್ರೆಗೆ ತಾಗಿ, ಒಳದಾರಿಯಲ್ಲಿ ಎರಡನೆಯ, ಮೂರನೆಯ ಪಾತ್ರೆಗಳಿಗೆ ಹೋಗುತ್ತದೆ. ಕಡೆಗೆ ಹೊಗೆ ಕೊಳವೆಯನ್ನು ಸೇರುತ್ತದೆ. ಕೊಳವೆಯೊಳಗಿನ ಬಿಸಿಗಾಳಿ ಹಗುರವಾಗಿ ಮೇಲೇರುವಾಗ ಕೆಳಗಿನ ಗಾಳಿಯನ್ನು ಸೆಳೆಯುತ್ತದೆ. ಈ ದಾರಿ ಎಲ್ಲಿ ಕಟ್ಟಿದರೂ, ಎಲ್ಲಿ ಸೀಳಿದರೂ ಹೊಗೆ ಅಡಿಗೆಮನೆಗೆ ತಿರುಗುತ್ತದೆ.

ಪರೀಕ್ಷೆ

ಒಲೆಯಲ್ಲಿ ಸ್ವಲ್ಪ ಉರಿ ಮಾಡಿ, ಕುಳಿಗಳ ಮೇಲೆ ಪಾತ್ರೆಗಳನ್ನಿಟ್ಟು, ಹೊತ್ತಿಸಿದ ಊದುಬತ್ತಿಯನ್ನು ಒಲೆಯ ಬಾಯಿಯ ಬಳಿ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಎಳೆದರೆ ದಾರಿ ಸರಿ. ಹೊರಗೆ ತಳ್ಳಿದರೆ ಕೊಳವೆಯೋ ಒಳದಾರಿಯೋ ಕಟ್ಟಿದೆ. ಬತ್ತಿಯನ್ನು ಪಾತ್ರೆಯ ಅಂಚಿನ ಸುತ್ತಲೂ, ಮಣ್ಣಿನ ಬಿರುಕುಗಳ ಬಳಿಯೂ ಆಡಿಸಿ ನೋಡಿರಿ. ಹೊಗೆ ಒಳಸೇರುವ ಕಡೆಯೆಲ್ಲ ಸಂದು ಇದೆ. ಅಲ್ಲಿ ತಣ್ಣನೆಯ ಗಾಳಿ ನುಗ್ಗಿ ಉರಿಯ ಸೆಳೆತ ಕುಗ್ಗುತ್ತದೆ.

ಬಿಚ್ಚುವುದು

ಒಲೆ ಪೂರಾ ತಣ್ಣಗಾದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಆರಂಭಿಸಬೇಕು. ಕೊಳವೆಯ ತುಂಡುಗಳ ಮೇಲೆ ಸುಣ್ಣದಿಂದ 1, 2, 3 ಎಂದು ಗುರುತು ಹಾಕಿರಿ, ಜೋಡಿಸುವಾಗ ತಬ್ಬಿಬ್ಬಾಗದು. ಹಗ್ಗಕ್ಕೆ ಗೋಣಿಯ ಗಂಟನ್ನೂ ಕೆಳಗೊಂದು ಕಲ್ಲನ್ನೂ ಕಟ್ಟಿ, ಮಾಳಿಗೆಯ ಮೇಲಿನಿಂದ ಇಳಿಸಿ ಎಳೆದರೆ ಮಸಿ ಬೀಳುತ್ತದೆ. ಕೊಳವೆ ಆಸ್ಬೆಸ್ಟಾಸ್ ಸಿಮೆಂಟಿನದಾದರೆ ಅದನ್ನು ಕೊಯ್ಯುವುದು, ಉಜ್ಜುವುದು, ಒಡೆಯುವುದು ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒಡೆದಿದ್ದರೆ ನೀರು ಚಿಮುಕಿಸಿ ತೆಗೆದು, ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಆಳವಾಗಿ ಹೂಳಿ, ಬೇರೆ ಕೊಳವೆ ಹಾಕಬೇಕು. ಮಣ್ಣಿನ ಒಡಲು ಪೂರಾ ಸಡಿಲಿದ್ದರೆ ಅದನ್ನು ಕೆಡವಿರಿ; ಜಾಲರಿ, ಬಾಗಿಲು, ಟೋಪಿಗಳನ್ನು ಹೊಸ ಒಡಲಿಗೆ ಬಳಸಬಹುದು.

ಮಣ್ಣು

ರಾಯದುರ್ಗದ ಕಡೆಯ ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಅದಕ್ಕೆ ಹಗರಿಯ ಮರಳನ್ನು ಹೆಚ್ಚಾಗಿ ಬೆರೆಸಬೇಕು. ಕೆಮ್ಮಣ್ಣಿಗೆ ಮರಳು ಕಡಮೆ ಸಾಕು. ಅಂಟು ಸಾಲದಿದ್ದರೆ ಹುತ್ತದ ಮಣ್ಣು ಸೇರಿಸಿರಿ. ಸಣ್ಣಗೆ ಕತ್ತರಿಸಿದ ಹುಲ್ಲು, ಸ್ವಲ್ಪ ಸಗಣಿ ಕೂಡಿಸಿ, ತುಳಿದು, ನಾಲ್ಕೈದು ದಿನ ಕೊಳೆಯಲು ಬಿಡಿರಿ. ಅಂಗೈಯಗಲದ ಬಿಲ್ಲೆ ಮಾಡಿ ಒಣಗಿಸಿ ನೋಡಿರಿ: ಬಿರಿದರೆ ಮರಳು ಬೇಕು, ಉದುರಿದರೆ ಅಂಟುಮಣ್ಣು ಬೇಕು. ಬರಿಯ ಸಿಮೆಂಟು ಉರಿಯ ಕಾವಿಗೆ ಸೀಳುತ್ತದೆ.

ಜೋಡಿಸುವುದು

ಕೆಳಗಿನಿಂದ ಮೇಲಕ್ಕೆ ಬರಬೇಕು.

1. ಬೂದಿಗುಂಡಿಯನ್ನು ಬರಿದುಮಾಡಿ, ಜಾಲರಿಯನ್ನು ಸಮವಾಗಿ ಕೂರಿಸಿರಿ. ಅದು ಸುಟ್ಟು ಬಾಗಿದ್ದರೆ ಬದಲಿಸಬೇಕು.
2. ಹಳೆಯ ಗೋಡೆಯನ್ನು ಕೆರೆದು, ನೀರು ಚಿಮುಕಿಸಿ, ತೆಳುವಾದ ಕೆಸರು ಸವರಿ, ಆಮೇಲೆ ಹೊಸ ಮಣ್ಣು ಮೆತ್ತಿರಿ. ಒಣಗೋಡೆಗೆ ಹಸಿಮಣ್ಣು ಹಿಡಿಯದು.
3. ಒಳದಾರಿಗಳನ್ನು ನುಣ್ಣಗೆ ಮಾಡಿ, ಕಟ್ಟಿದಾಗಿನ ಅಳತೆಯನ್ನೇ ಉಳಿಸಿರಿ. ಹಿರಿದಾದರೆ ಕಾವು ಪಾತ್ರೆಗೆ ತಾಗದೆ ಹೋಗುತ್ತದೆ. ಕಿರಿದಾದರೆ ಹೊಗೆ ಹಿಂದಿರುಗುತ್ತದೆ.
4. ಮನೆಯಲ್ಲಿ ನಿತ್ಯ ಬಳಸುವ ಪಾತ್ರೆಯ ತಳಕ್ಕೆ ಒದ್ದೆ ಬೂದಿ ಬಳಿದು, ಕುಳಿಯ ಹಸಿಮಣ್ಣಿನ ಮೇಲೆ ಒತ್ತಿ, ತಿರುಗಿಸಿ ತೆಗೆಯಿರಿ. ಸಂದಿಲ್ಲದ ಅಂಚು ಮೂಡುತ್ತದೆ. ಯಾವ ಪಾತ್ರೆ ಎಂಬುದನ್ನು ಅಡಿಗೆ ಮಾಡುವವರನ್ನೇ ಕೇಳಬೇಕು.
5. ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಕೂಡುಗಳಿಗೆ ಮಣ್ಣು ಮೆತ್ತಿ, ಮಾಳಿಗೆಯಿಂದ ಎರಡು ಮೊಳವಾದರೂ ಮೇಲೆ ಬಿಟ್ಟು ಟೋಪಿ ಹಾಕಿರಿ. ಹುಲ್ಲಿನ ಛಾವಣಿಗೆ ಕೊಳವೆ ತಾಕಕೂಡದು.

ಒಂದು ವಾರ ನೆರಳಿನಲ್ಲಿ ಒಣಗಿಸಿ, ಮೊದಲೆರಡು ದಿನ ಸಣ್ಣ ಉರಿ ಮಾಡಿ, ಪುನಃ ಊದುಬತ್ತಿಯ ಪರೀಕ್ಷೆ ನಡೆಸಿರಿ. ಬೂದಿಯನ್ನು ನಿತ್ಯವೂ ಮಸಿಯನ್ನು ತಿಂಗಳಿಗೊಮ್ಮೆಯೂ ತೆಗೆಯಬೇಕು.

2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಅನೇಕ ಮನೆಗಳಿಗೆ ಗ್ಯಾಸು ಬಂದಿದೆ. ಆರೋಗ್ಯಕ್ಕೆ ಅದೇ ಮೇಲು. ದುರಸ್ತಿಯಾದ ಸೌದೆ ಒಲೆಯೂ ಪೂರಾ ಹೊಗೆಯಿಲ್ಲದ್ದಲ್ಲ. ಆದರೂ ಸಿಲಿಂಡರು ಮುಗಿದ ದಿನ, ಸ್ನಾನದ ನೀರಿಗೆ, ಹಬ್ಬದ ಅಡಿಗೆಗೆ ಸೌದೆಯೇ ಗತಿಯಾದ ಮನೆಗಳು ಬಹಳ.

ಮನೆಯಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳು

ನಿಮ್ಮ ಒಲೆಯ ಜಾಲರಿ ಇದೆಯೇ? ಕೊಳವೆಯ ಮಸಿ ತೆಗೆದು ಎಷ್ಟು ದಿನವಾಯಿತು? ಯಾವ ಪಾತ್ರೆಯ ಅಂಚಿನಲ್ಲಿ ಹೊಗೆ ಏಳುತ್ತದೆ? ಮಕ್ಕಳಿಂದ ಬರೆಯಿಸಿ ಇಟ್ಟುಕೊಂಡು, ಬರುವ ಭಾನುವಾರವೇ ಕೈಹಾಕಿರಿ.