ಹೊಳೆಯಾಚೆಯ ಕಕ್ಷಿದಾರ

ಕುಶಾಲನಗರದ ಕೋರ್ಟಿಗೆ ಹೊಸದಾಗಿ ಬಂದಿರುವ ತಮ್ಮಂದಿರೇ, ತಂಗಿಯರೇ,

ಸನ್ನದು ಕೈಗೆ ಬಂದಿದೆ, ಕಪ್ಪು ಕೋಟಿನ ಗರಿ ಇನ್ನೂ ಮಾಸಿಲ್ಲ. ಸೀನಿಯರ್ ಹೇಳಿದ ವಾಯಿದೆ ಬರೆದುಕೊಂಡು, ನಕಲು ಅರ್ಜಿ ಹಾಕಿ, ಗುಮಾಸ್ತರ ಮುಖ ನೋಡುತ್ತ ನಿಲ್ಲುವಷ್ಟರಲ್ಲಿ ಸಂಜೆಯಾಗುತ್ತದೆ. ಇಲ್ಲಿ ಕಲಿಯುವುದಾದರೂ ಏನಿದೆ, ಬೆಂಗಳೂರಿಗೆ ಹೋದರೆ ನಾಲ್ಕು ವಿಚಾರ ಸಂಕಿರಣವಾದರೂ ಸಿಗುತ್ತದೆ ಅನ್ನುವ ಯೋಚನೆ ಬರುತ್ತದೆ. ಹೋಗುವವರನ್ನು ನಾನು ತಡೆಯುವುದಿಲ್ಲ. ಹೈಕೋರ್ಟಿನ ವಾದ ಕೇಳಿಸಿಕೊಂಡು ಬಂದವರ ಮಾತಿಗೆ ಬೇರೆಯೇ ಬಿಗಿ ಇರುತ್ತದೆ. ಆದರೆ ಗಂಟುಮೂಟೆ ಕಟ್ಟುವ ಮೊದಲು ಹದಿನೈದು ಕಿಲೋಮೀಟರ್ ಆಸುಪಾಸಿನ ದುಬಾರೆಗೆ ಒಮ್ಮೆ ಬನ್ನಿ.

ದುಬಾರೆ ನೀವು ನೋಡದ ಊರೇನಲ್ಲ. ಕಾವೇರಿ ದಾಟಿ ಸಾಕಾನೆಗಳ ಮಜ್ಜನ ನೋಡಿದ್ದೀರಿ, ರ‍್ಯಾಫ್ಟಿಂಗ್ ಮಾಡಿದ್ದೀರಿ, ದಸರೆಗೆ ಮೈಸೂರಿಗೆ ಹೊರಡುವ ಆನೆಗಳ ಹೆಸರು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಆನೆಗಳನ್ನು ನಡೆಸುವ ಮಾವುತರು, ಕಾವಾಡಿಗಳಲ್ಲಿ ಅನೇಕರು ಜೇನುಕುರುಬರು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಕೇಂದ್ರ ಸರ್ಕಾರ ಗುರುತಿಸಿದ ಬುಡಕಟ್ಟುಗಳು ಎರಡೇ: ಕೊರಗರು ಮತ್ತು ಜೇನುಕುರುಬರು. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಜಾಗದ ಹಿಂದೆಯೇ ಅವರ ಬದುಕಿದೆ, ಆ ಬದುಕಿನ ಒಂದೊಂದು ಗಂಟಿನಲ್ಲೂ ಒಂದೊಂದು ಕಾನೂನಿದೆ. ನಿಮ್ಮ ನಿಜವಾದ ತರಬೇತಿ ಶುರುವಾಗುವುದು ಅಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸಮಾಜಸೇವೆ ಬೇರೆ, ವೃತ್ತಿ ಬೇರೆ ಎಂದು ಎರಡು ಖಾತೆ ಬರೆಯಬೇಡಿ. ಈ ಊರಿನಲ್ಲಿ ಎರಡಕ್ಕೂ ಒಂದೇ ಪುಸ್ತಕ.

ಅರಣ್ಯ ಹಕ್ಕು ಕಾಯ್ದೆಯನ್ನೇ ತೆಗೆದುಕೊಳ್ಳಿ. ಸಂಸತ್ತು ಅದನ್ನು ಒಪ್ಪಿದ್ದು 2006ರಲ್ಲಿ, ನಿಯಮಗಳು ಬಂದದ್ದು 2008ರಲ್ಲಿ, ತಿದ್ದುಪಡಿಯಾದದ್ದು 2012ರಲ್ಲಿ. ಕಾಲೇಜಿನಲ್ಲಿ ಅದಕ್ಕೆ ಒಂದು ಪುಟ ಕೊಟ್ಟಿದ್ದರೆ ಹೆಚ್ಚು. 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನ ನೆಲದಲ್ಲಿ ವಾಸವಿದ್ದು ಉಳುಮೆ ಮಾಡುತ್ತಿದ್ದ ಬುಡಕಟ್ಟು ಕುಟುಂಬಕ್ಕೆ ನಾಲ್ಕು ಹೆಕ್ಟೇರ್ ಮೀರದಂತೆ ಹಕ್ಕು ಸಿಗುತ್ತದೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು. ಮಕ್ಕಳಿಗೆ ಹೋಗುತ್ತದೆ, ಮಾರುವಂತಿಲ್ಲ. ಇಷ್ಟು ಎಲ್ಲರೂ ಹೇಳುತ್ತಾರೆ. ವಕೀಲನಿಗೆ ರುಚಿ ಹತ್ತಬೇಕಾದದ್ದು ಸಾಕ್ಷ್ಯದ ನಿಯಮದಲ್ಲಿ. ಹದಿಮೂರನೇ ನಿಯಮ ಓದಿ. ಸರ್ಕಾರಿ ಕಾಗದ ಒಂದು ಬಗೆಯ ಸಾಕ್ಷ್ಯ ಅಷ್ಟೇ. ಗುಡಿಸಲು, ಬಾವಿ, ಮಸಣ, ದೇವರ ಜಾಗ, ವಂಶಾವಳಿ ಇವೂ ಸಾಕ್ಷ್ಯ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದೂ ಸಾಕ್ಷ್ಯ. ಇಂಥ ಎರಡಾದರೂ ಬಗೆಯವು ಬೇಕು. ಉಪಗ್ರಹದ ಚಿತ್ರ ಇವುಗಳಿಗೆ ಪೂರಕವಾಗಬಹುದು, ಇವುಗಳ ಜಾಗದಲ್ಲಿ ಕೂರಲಾರದು ಎಂದೂ ಆ ನಿಯಮಗಳೇ ಹೇಳುತ್ತವೆ.

ಈಗ ಹಾಡಿಯ, ಅಂದರೆ ಬುಡಕಟ್ಟು ಜನರ ಕೇರಿಯ, ಒಬ್ಬ ಅಜ್ಜಿಯ ಹೇಳಿಕೆ ಬರೆಯಲು ಕುಳಿತಿದ್ದೀರಿ ಅನ್ನಿ. "ಯಾವ ಇಸವಿಯಿಂದ ಇಲ್ಲಿದ್ದೀರಿ?" ಎಂದು ಕೇಳಿದಿರೋ, ಕೆಟ್ಟಿತು. ಅಜ್ಜಿ ಸುಮ್ಮನಾಗುತ್ತಾರೆ, ನೀವು "ಗೊತ್ತಿಲ್ಲ" ಎಂದು ಬರೆದುಕೊಳ್ಳುತ್ತೀರಿ, ಕೇಸು ಅಲ್ಲಿಗೇ ಮುಗಿಯುತ್ತದೆ. ಹಾರಂಗಿ ಅಣೆಕಟ್ಟು ಕಟ್ಟುವಾಗ ನಿಮ್ಮ ಹಿರಿ ಮಗ ಎಷ್ಟು ದೊಡ್ಡವನಿದ್ದ, ಕಾಕನಕೋಟೆಯ ಕೊನೆಯ ಖೆಡ್ಡಾ ಸುದ್ದಿ ಬಂದಾಗ ನಿಮಗೆ ಮದುವೆಯಾಗಿತ್ತಾ ಎಂದು ಕೇಳಿ. ಆನೆ ಹಿಡಿಯುವ ಆ ಖೆಡ್ಡಾ ನಡೆದದ್ದು 1971, ಹಾರಂಗಿ ಮುಗಿದದ್ದು 1982. ಇಸವಿ ಹಾಕುವುದು ನಿಮ್ಮ ಕೆಲಸ, ನೆನಪು ಅವರದ್ದು. ಅತ್ತೆಯನ್ನು ಮಣ್ಣು ಮಾಡಿದ ಜಾಗ ಯಾವುದು, ಜೇನು ಕೊಯ್ಯಲು ಯಾವ ಮರಕ್ಕೆ ಹೋಗುತ್ತಿದ್ದರು, ಆ ದಾರಿಗೆ ಬೇಲಿ ಬಿದ್ದದ್ದು ಯಾವಾಗ ಎಂದು ಒಂದೊಂದಾಗಿ ಬಿಡಿಸಿ. ಅವರ ಮಾತು ಅವರ ಮಾತಿನಂತೆಯೇ ಕಾಗದಕ್ಕೆ ಇಳಿಯಲಿ. "ಸದರಿ ಸ್ವತ್ತಿನ ಅನುಭೋಗದಲ್ಲಿ ನಿರಾತಂಕವಾಗಿ" ಎಂಬ ನಮ್ಮ ಕೋರ್ಟು ಕನ್ನಡ ಯಾವ ಅಜ್ಜಿಯ ಬಾಯಲ್ಲೂ ಬರುವುದಿಲ್ಲ, ಅದನ್ನು ಅಲ್ಲಿ ತುರುಕಿದರೆ ನಾಳೆ ಎದುರಿನವರು ನಗುತ್ತಾರೆ. ಜೇನುನುಡಿ ನಿಮಗೆ ಬಾರದಿದ್ದರೆ ಹಾಡಿಯ ಓದಿದ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬರೆದದ್ದನ್ನು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ. ಇದನ್ನು ಹತ್ತು ಮನೆಯಲ್ಲಿ ಮಾಡಿದವರಿಗೆ ಮುಖ್ಯ ವಿಚಾರಣೆ ಎಂದರೇನು ಎಂದು ಯಾವ ಸೀನಿಯರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಹಿಂಬರಹ. "ಸೂಕ್ತ ದಾಖಲೆ ಇಲ್ಲದ ಕಾರಣ ತಿರಸ್ಕರಿಸಲಾಗಿದೆ" ಎಂಬ ಒಂದೇ ಸಾಲಿನ ಕಾಗದ ಹಿಡಿದುಕೊಂಡು ಜನ ನಿಮ್ಮ ಬಳಿಗೆ ಬರುತ್ತಾರೆ, ಎಷ್ಟೋ ಮಂದಿಯ ಕೈಗೆ ಆ ಕಾಗದವೂ ಸಿಕ್ಕಿರುವುದಿಲ್ಲ. ತಿರಸ್ಕಾರಕ್ಕೆ ಕಾರಣ ಬರೆದಿರಬೇಕು, ಅದನ್ನು ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು, ಮೇಲ್ಮನವಿಗೆ ಅರವತ್ತು ದಿನ. ಗ್ರಾಮ ಸಭೆಯ ನಿರ್ಣಯದ ಮೇಲೆ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿಗಳ ಸಮಿತಿಗೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸುವಂತೆ ಆದೇಶಿಸಿದಾಗ ದೇಶದ ಹಾಡಿಗಳೆಲ್ಲ ಬೆಚ್ಚಿದವು. ಅದೇ ತಿಂಗಳ 28ರಂದು ಅದೇ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟು, ತಿರಸ್ಕರಿಸುವಾಗ ಕ್ರಮ ಪಾಲಿಸಿದ್ದೀರಾ ಎಂದು ರಾಜ್ಯಗಳನ್ನು ಕೇಳಿತು. ಲಕ್ಷಗಟ್ಟಲೆ ಕುಟುಂಬಗಳ ನೆಲೆ ನಿಂತದ್ದು ಆ ಒಂದು ಪ್ರಶ್ನೆಯ ಮೇಲೆ. ಕ್ರಮ, ನೋಟಿಸು, ಕಾರಣ ಸಹಿತ ಆದೇಶ ಇವು ಒಣ ವಿಷಯ ಎಂದು ಆಕಳಿಸುವವರು ಇದನ್ನು ನೆನಪಿಡಿ.

ದೂರದ ಉದಾಹರಣೆ ಬೇಡವೆಂದರೆ ನಮ್ಮ ನಾಗರಹೊಳೆಯದೇ ಇದೆ. ಮೂರ್ಕಲ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಒಳಗೆ ದೊಡ್ಡ ಹೋಟೆಲ್ ಕಂಪನಿಗೆ ಸರ್ಕಾರ ಗುತ್ತಿಗೆ ಕೊಟ್ಟಾಗ, ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. ಕೇಂದ್ರದ ಅನುಮತಿ ಇಲ್ಲದೆ ಅರಣ್ಯ ಭೂಮಿಯನ್ನು ಹೀಗೆ ಕೊಡುವಂತಿಲ್ಲ ಎಂದು 1997ರಲ್ಲಿ ತೀರ್ಪಾಯಿತು. ಅರಣ್ಯ ಹಕ್ಕು ಕಾಯ್ದೆ ಆಗ ಹುಟ್ಟಿಯೂ ಇರಲಿಲ್ಲ. ಇದ್ದದ್ದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಒಂದು ಕಲಂ ಮತ್ತು ಅದನ್ನು ಸರಿಯಾಗಿ ಓದಿದ ವಕೀಲರು. ಆ ತೀರ್ಪನ್ನು ಹುಡುಕಿ ಓದಿ. ಅರ್ಜಿಯನ್ನು ಹೇಗೆ ಕಟ್ಟಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಈ ಸೀಮೆಯಲ್ಲಿ ಇಲ್ಲ.

ದಿಡ್ಡಳ್ಳಿಯ ಕಥೆ ನಿಮಗೆ ಗೊತ್ತಿರಬೇಕು. 2016ರ ಡಿಸೆಂಬರ್‌ನಲ್ಲಿ ಅಲ್ಲಿ ಬುಡಕಟ್ಟು ಕುಟುಂಬಗಳ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಕೆಡವಿದರು, ದೊಡ್ಡ ಹೋರಾಟವಾಯಿತು, ಕೊನೆಗೆ ಕುಟುಂಬಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಈ ಎರಡು ಊರೂ ಕುಶಾಲನಗರದ ಮಗ್ಗುಲಲ್ಲೇ ಇವೆ. ಪತ್ರಿಕೆಗಳಿಗೆ ಸುದ್ದಿ ಮುಗಿದಿದೆ. ಪಡಿತರ ಚೀಟಿಯಲ್ಲಿ ತಪ್ಪಾದ ಹೆಸರು, ಜಾತಿ ಪ್ರಮಾಣಪತ್ರ, ತೋಟದ ಲೈನ್ ಮನೆಯಲ್ಲಿ ಉಳಿದ ಮುಂಗಡ ಸಾಲದ ಲೆಕ್ಕ, ಕೆಲಸದ ವೇಳೆ ಆನೆ ತುಳಿದು ಸತ್ತವನ ಹೆಂಡತಿಗೆ ಬರಬೇಕಾದ ಪರಿಹಾರ, ಇವು ಮುಗಿಯುವ ಸಂಗತಿಗಳಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹಾಡಿಗೆ ಹೋಗಿ ವಿಸಿಟಿಂಗ್ ಕಾರ್ಡ್ ಹಂಚಿದರೆ ಅದು ಸೇವೆಯಾಗುವುದಿಲ್ಲ, ದುರ್ನಡತೆಯಾಗುತ್ತದೆ. ಬಾರ್ ಕೌನ್ಸಿಲ್ ನಿಯಮ 36 ಕೇಸು ಹುಡುಕಿಕೊಂಡು ಹೋಗುವುದನ್ನು ನಿಷೇಧಿಸಿದೆ. ಗ್ರಾಮ ಸಭೆ ಕರೆದರೆ ಹೋಗಿ, ಕಾನೂನು ಸೇವಾ ಸಮಿತಿ ಕಳಿಸಿದರೆ ಹೋಗಿ. ಪರಿಹಾರ ಬಂದ ಮೇಲೆ ಅದರಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವುದನ್ನು ನಿಯಮ 20 ತಡೆಯುತ್ತದೆ. ಬಾರ್ ರೂಮಿನಲ್ಲಿ ಯಾರಾದರೂ ಇದೆಲ್ಲ ಮಾಮೂಲು ಅಂದರೆ ಅಲ್ಲಿಂದ ಎದ್ದು ಬನ್ನಿ. ಇಲ್ಲದವರಿಗೆ ಉಚಿತ ನೆರವು ಕೊಡುವುದು ವಕೀಲನ ಅತಿ ದೊಡ್ಡ ಹೊಣೆಗಳಲ್ಲೊಂದು ಎಂದು ನಿಯಮ 46 ಹೇಳುತ್ತದೆ, ಅದನ್ನು ಮಾತ್ರ ಯಾರೂ ಬಾಯಿಪಾಠ ಮಾಡುವುದಿಲ್ಲ. ಇನ್ನೊಂದು, ಇದು ಯಾವ ಪುಸ್ತಕದಲ್ಲೂ ಇಲ್ಲ: ಹಾಡಿಯಲ್ಲಿ ಯಾರನ್ನೂ ಏಕವಚನದಲ್ಲಿ ಮಾತಾಡಿಸಬೇಡಿ. ಕಚೇರಿಗಳಲ್ಲಿ ಅವರು ಅದನ್ನು ಬೇಕಾದಷ್ಟು ಕೇಳಿದ್ದಾರೆ.

ನಿಮ್ಮಲ್ಲಿ ಹಲವರು ಕಾಫಿ ಬೆಳೆಗಾರರ ಮನೆಯವರು, ಅವರ ಕೇಸುಗಳೇ ನಿಮ್ಮ ಅನ್ನ. ಅದರಲ್ಲಿ ತಪ್ಪೇನಿಲ್ಲ. ಜಮ್ಮಾ, ಬಾಣೆ, ಪೈಸಾರಿ, ಪಟ್ಟೇದಾರರ ಹೆಸರಿನ ತಕರಾರು ಇವೆಲ್ಲ ಬರಬೇಕಾದರೆ 1899ರ ಕೊಡಗು ಭೂ ಕಂದಾಯ ರೆಗ್ಯುಲೇಷನ್ ಓದಲೇಬೇಕು, ಓದಿ. ಆದರೆ ತೋಟದ ಮಾಲೀಕರಿಗೆ ಒಂದು ವಿಷಯದಲ್ಲಿ ಸಲಹೆ ಕೊಟ್ಟಿದ್ದರೆ ಅದೇ ವಿಷಯದಲ್ಲಿ ಕೂಲಿಯವನ ಪರ ನಿಲ್ಲಲಾಗದು, ಆ ಮಾತನ್ನು ಮೊದಲೇ ಹೇಳಿ ಬೇರೆ ವಕೀಲರ ಕಡೆ ಕಳಿಸಿ. ಮಧ್ಯಸ್ಥಿಕೆಯ ನಲವತ್ತು ಗಂಟೆಯ ತರಬೇತಿಗೆ ಅವಕಾಶ ಸಿಕ್ಕರೆ ಬಿಡಬೇಡಿ. ಮಾಲೀಕನೂ ಕೂಲಿಯವನೂ ನಾಳೆ ಅದೇ ದಾರಿಯಲ್ಲಿ ಎದುರುಬದುರಾಗಬೇಕಾದ ಊರಿನಲ್ಲಿ ಗೆದ್ದ ಡಿಕ್ರಿಗಿಂತ ಒಪ್ಪಿದ ರಾಜಿ ಎಷ್ಟೋ ಸಲ ಹೆಚ್ಚು ದಿನ ಬಾಳುತ್ತದೆ. ಎಲ್ಲ ಸಲವೂ ಅಲ್ಲ. ಹೆದರಿದವನನ್ನು ರಾಜಿಗೆ ಕೂರಿಸುವುದು ಅನ್ಯಾಯ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಹನ್ನೆರಡನೇ ಕಲಂ ಪ್ರಕಾರ ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ನೆರೆ ಸಂತ್ರಸ್ತರೂ ಆ ಪಟ್ಟಿಯಲ್ಲಿದ್ದಾರೆ. 2019ರ ಆಗಸ್ಟ್‌ನಲ್ಲಿ ಕಾವೇರಿ ನುಗ್ಗಿದ ನೆಲ್ಯಹುದಿಕೇರಿಯವರಿಗೆ ಇದನ್ನು ಹೇಳಿದವರು ಎಷ್ಟು ಮಂದಿ? 15100 ಎಂಬ ಸಹಾಯವಾಣಿ ಸಂಖ್ಯೆಯನ್ನು ಹಾಡಿಯ ಅಂಗನವಾಡಿ ಗೋಡೆಯ ಮೇಲೆ ಬರೆಸಿ. ಹಾಡಿಯ ಓದಿದ ಹುಡುಗ ಹುಡುಗಿಯರನ್ನು ಅರೆಕಾನೂನು ಸ್ವಯಂಸೇವಕರನ್ನಾಗಿ ಸೇರಿಸಿ. ಅವರಲ್ಲೊಬ್ಬರು ನಾಳೆ ನಿಮ್ಮ ಪಕ್ಕದಲ್ಲೇ ಕೋಟು ಹಾಕಿಕೊಂಡು ನಿಂತರೆ ವಕೀಲರ ಸಂಘಕ್ಕೆ ಅದಕ್ಕಿಂತ ದೊಡ್ಡ ಗೌರವವಿಲ್ಲ.

ನನ್ನ ಓರಗೆಯ ಸೀನಿಯರುಗಳಲ್ಲೂ ಒಂದು ಕೋರಿಕೆ: ಗ್ರಾಮ ಸಭೆ ಇರುವ ದಿನ ಜೂನಿಯರನ್ನು ಬಿಟ್ಟುಕೊಡಿ, ಒಂದು ವಾಯಿದೆ ನಾವೇ ಬರೆದುಕೊಂಡರೆ ಕೈ ಸವೆಯುವುದಿಲ್ಲ.

ಮೂರು ವರ್ಷ ವೃತ್ತಿ ಮಾಡಿದವರು ತಾಲೂಕು ಕಾನೂನು ಸೇವಾ ಸಮಿತಿಯ ವಕೀಲರ ಪಟ್ಟಿಗೆ ಅರ್ಜಿ ಕೊಡಿ. ಅಷ್ಟು ಆಗದವರು, ನಿಮ್ಮ ಸೀನಿಯರ್ ಆ ಪಟ್ಟಿಯಲ್ಲಿದ್ದಾರಾ ವಿಚಾರಿಸಿ, ಇದ್ದರೆ ಅವರ ಫೈಲು ಹೊತ್ತಾದರೂ ಹಾಡಿಗೆ ಬನ್ನಿ. ಮಳೆಗಾಲದಲ್ಲಿ ಕಾವೇರಿ ತುಂಬಿದರೆ ದೋಣಿ ನಿಲ್ಲಿಸುತ್ತಾರೆ. ಮಳೆ ಹಿಡಿಯುವ ಮುಂಚೆಯೇ ಬನ್ನಿ.